ಭೂಮಂಡಲದಲ್ಲಿ ಮಂಡಲದ ಬಳಗ

ಹೋದ ವರ್ಷದ ಆಷಾಢ. ರಾತ್ರಿ ಊಟ ಮುಗಿಸಿ ಎಲೆಯಡಿಕೆಗೆ ಕೈ ಹಾಕುವಷ್ಟರಲ್ಲಿ ಊರಿನಿಂದ ಅಣ್ಣನ ಫೋನು ಬಂತು. ನಮ್ಮದು ಶಿರಸಿ ಕಡೆಯ ಅಡಿಕೆ ತೋಟದ ಮನೆ. ಸಂಜೆಗತ್ತಲೆಯಲ್ಲಿ ತೋಟದಿಂದ ಹುಲ್ಲು ಹೊತ್ತು ಬರುತ್ತಿದ್ದ ಕೆಲಸದಾಳಿಗೆ ದಾರಿಯ ಮೇಲೆ ಹಾವು ಕಚ್ಚಿತ್ತು. "ಮಂಡಲ ಹೇಳಿ ಕಾಣ್ತು ತಮಾ, ಎಂತ ಮಾಡವು ಈಗ?" ಎಂದು ಅಣ್ಣ ಕೇಳಿದ.

ಮುಂಬಯಿಯಲ್ಲಿ ಮೂವತ್ತು ವರ್ಷ ಕಳೆದವನು, ನಾಲ್ಕಕ್ಷರ ಓದಿದವನು ಎಂದು ಅಣ್ಣನಿಗೆ ನನ್ನ ಮೇಲೆ ಭರವಸೆ. ನಾನೂ ತಡಮಾಡದೆ ಹೇಳಿಬಿಟ್ಟೆ: "ಮೊಣಕಾಲಿನ ಮೇಲೆ ಹಗ್ಗ ಬಿಗಿದು ಕಟ್ಟಿ, ಕಚ್ಚಿದಲ್ಲಿ ಬ್ಲೇಡಿನಿಂದ ಗೀರಿ ರಕ್ತ ಹರಿಸಿ." ಚಿಕ್ಕಂದಿನಲ್ಲಿ ಕೇಳಿದ್ದು, ಸಿನಿಮಾಗಳಲ್ಲಿ ನೋಡಿದ್ದು. ನಾನು ಕೊಟ್ಟ ಆ ಎರಡು ಸಲಹೆಗಳೂ ತಪ್ಪೆಂದು ಮಾರನೆಯ ದಿನ ತಿಳಿಯಿತು. ಆ ಮನುಷ್ಯನ ಗತಿ ಏನಾಯಿತೆಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಆದರೆ ಆ ರಾತ್ರಿಯ ನಾಚಿಕೆಯೇ ನನ್ನನ್ನು ಪುಸ್ತಕಗಳ ಮುಂದೆ ಕೂರಿಸಿತು. ಮಂಡಲದ ಹಾವೆಂದರೆ ನಮ್ಮ ತೋಟದ ಬೇಲಿಯದು ಒಂದೇ ಎಂದುಕೊಂಡಿದ್ದ ನನಗೆ, ಅದರ ಬಳಗ ಭೂಮಂಡಲದ ಅರ್ಧಕ್ಕಿಂತ ಹೆಚ್ಚು ಭಾಗದಲ್ಲಿ ಹರಡಿದೆಯೆಂಬುದು ಗೊತ್ತಾಯಿತು. ಓದಿ ತಿಳಿದ ಕೌತುಕವನ್ನು ನಮ್ಮ ಸಂಘದ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಹೆಸರು ಹಲವು, ಹಾವು ಒಂದೇ

ಮಾರನೆಯ ಬೆಳಗ್ಗೆ ನಮ್ಮ ಡೊಂಬಿವಲಿಯ ಕಟ್ಟಡದಲ್ಲಿ ಸುದ್ದಿ ಹಬ್ಬಿತು. ಎದುರುಮನೆಯ ಮರಾಠಿ ಆಜಿ, "ಅಯ್ಯೋ, ಘೋಣಸ್!" ಎಂದರು. ಕೆಳಮಾಳಿಗೆಯ ತಮಿಳರು ಅದನ್ನು 'ಕಣ್ಣಾಡಿ ವಿರಿಯನ್' ಎಂದರು. ಹೈದರಾಬಾದಿನಿಂದ ಬಂದ ನಮ್ಮ ಬೀಗರು 'ರಕ್ತಪಿಂಜರ' ಎಂದರು. ನಾಲ್ಕು ಭಾಷೆ, ನಾಲ್ಕು ಹೆಸರು. ಹಾವು ಮಾತ್ರ ಒಂದೇ, ನಮ್ಮ ಕೊಳಕುಮಂಡಲ. ಒಂದು ಭಾಷೆಯವರು ಅದರ ಮೈಯ ಬಿಲ್ಲೆಗಳಲ್ಲಿ ಕನ್ನಡಿಯನ್ನು ಕಂಡರು, ಇನ್ನೊಬ್ಬರು ಅದು ಹರಿಸುವ ರಕ್ತವನ್ನು ನೆನೆದರು. ಕಚ್ಚಿದ ಜಾಗ ಕೊಳೆಯುತ್ತದೆಂದು ನಮ್ಮ ಕಡೆಯ ಹಿರಿಯರು ಹೆಸರಿನಲ್ಲೇ ಎಚ್ಚರಿಕೆ ಇಟ್ಟರು.

'ಮಂಡಲ'ವೆಂಬ ಮಾತು ಬಹಳ ಹಳೆಯದು. ಸುಶ್ರುತಸಂಹಿತೆಯ ಕಲ್ಪಸ್ಥಾನದಲ್ಲಿ ವಿಷದ ಹಾವುಗಳನ್ನು ದರ್ವೀಕರ, ಮಂಡಲಿ, ರಾಜಿಮಂತ ಎಂದು ವಿಂಗಡಿಸಿದ್ದಾರೆ. ಸೌಟಿನಂತೆ ಹೆಡೆ ಅಗಲಿಸುವುದು ದರ್ವೀಕರ, ಅಂದರೆ ನಾಗರ. ಮೈಮೇಲೆ ಗೆರೆಗಳಿರುವುದು ರಾಜಿಮಂತ, ಅಂದರೆ ಕಟ್ಟುಹಾವಿನ ಜಾತಿ. ಮೈಮೇಲೆ ಬಳೆಯಂಥ ಬಿಲ್ಲೆಗಳಿರುವುದು ಮಂಡಲಿ. ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲಿ ಬರಿಗಣ್ಣಿನಿಂದ ಮಾಡಿದ ಈ ವಿಂಗಡಣೆ ಇಂದಿಗೂ ಬಹುಮಟ್ಟಿಗೆ ಸರಿಯಾಗಿ ಕೂಡುತ್ತದೆ.

ಇಂಗ್ಲಿಷಿನವರು ಇದನ್ನು ಕರೆಯುವುದು ಪ್ಯಾಟ್ರಿಕ್ ರಸೆಲ್ ಎಂಬವರ ಹೆಸರಿನಿಂದ. ಸ್ಕಾಟ್ಲೆಂಡಿನ ಈ ವೈದ್ಯರು ವಿಶಾಖಪಟ್ಟಣದ ಕಡೆ ಈಸ್ಟ್ ಇಂಡಿಯಾ ಕಂಪನಿಯ ಕೆಲಸದಲ್ಲಿದ್ದು, ಕೋರಮಂಡಲ ತೀರದ ಹಾವುಗಳನ್ನು ಕುರಿತು 1796ರಲ್ಲಿ ದೊಡ್ಡ ಗ್ರಂಥವನ್ನು ಪ್ರಕಟಿಸಿದರು. ಅದರಲ್ಲಿ ಈ ಹಾವಿಗೆ ಅವರು ಬರೆದುಕೊಂಡದ್ದು ಅಲ್ಲಿಯ ಜನರ ತೆಲುಗು ಹೆಸರನ್ನೇ. ಅವರ ಹೆಸರು ಹಾವಿಗೆ ಅಂಟಿದ್ದು ಮರುವರ್ಷ.

ಮಡಿಚಿಡುವ ಹಲ್ಲು

ಮಂಡಲದ ಬಳಗವನ್ನು ಇತರ ಹಾವುಗಳಿಂದ ಬೇರೆ ಮಾಡುವುದು ಅದರ ಹಲ್ಲು. ನಾಗರಹಾವಿನ ವಿಷದ ಹಲ್ಲು ಗಿಡ್ಡ. ಅದು ಯಾವಾಗಲೂ ನೆಟ್ಟಗೇ ನಿಂತಿರುತ್ತದೆ. ಮಂಡಲದ್ದು ಉದ್ದ, ಒಳಗೆ ಟೊಳ್ಳು, ವೈದ್ಯರ ಸೂಜಿಯ ಹಾಗೆ. ಇಷ್ಟುದ್ದದ ಹಲ್ಲನ್ನು ನೆಟ್ಟಗೆ ಇಟ್ಟುಕೊಂಡರೆ ಬಾಯಿ ಮುಚ್ಚುವುದು ಹೇಗೆ? ಅದಕ್ಕೆ ಪ್ರಕೃತಿ ಒಂದು ಉಪಾಯ ಮಾಡಿದೆ. ಹಲ್ಲು ನೆಟ್ಟಿರುವ ಎಲುಬೇ ಬಾಗಿಲಿನ ತಿರುಗಣೆಯಂತೆ ತಿರುಗುತ್ತದೆ. ಬಾಯಿ ಮುಚ್ಚಿದಾಗ ಹಲ್ಲು ಜೇಬಿನ ಚಾಕುವಿನಂತೆ ಮಡಿಚಿ ಅಂಗುಳಿಗೆ ಒರಗುತ್ತದೆ. ಎರಗುವಾಗ ಮುಂದಕ್ಕೆ ನಿಲ್ಲುತ್ತದೆ. ನಾವು ಒಮ್ಮೆ ಕಣ್ಣುರೆಪ್ಪೆ ಬಡಿಯುವುದರೊಳಗೆ ಎರಗಿದ್ದೂ ಆಗಿರುತ್ತದೆ.

ಇವುಗಳ ತಲೆ ಅಗಲ, ಕುತ್ತಿಗೆ ಸಣ್ಣದು. ತಲೆ ಅಗಲವಾಗಿರುವುದಕ್ಕೆ ಎರಡು ಕಡೆಯ ದೊಡ್ಡ ವಿಷಗ್ರಂಥಿಗಳು ಮುಖ್ಯ ಕಾರಣ. ಮೈ ದಪ್ಪ, ಬಾಲ ಗಿಡ್ಡ, ನಡಿಗೆ ನಿಧಾನ. ಬೇಟೆಯ ಹಿಂದೆ ಓಡುವ ಗೋಜಿಗೆ ಇವು ಸಾಮಾನ್ಯವಾಗಿ ಹೋಗುವುದಿಲ್ಲ. ಇಲಿ ಓಡಾಡುವ ದಾರಿಯ ಪಕ್ಕದಲ್ಲಿ ಸುರುಳಿ ಸುತ್ತಿ, ತರಗೆಲೆಯೋ ಕಲ್ಲೋ ಎಂಬಂತೆ ಗಂಟೆಗಟ್ಟಲೆ ಕಾದು ಕೂರುವುದು ಇವುಗಳ ವೃತ್ತಿ. ಮನುಷ್ಯನಿಗೆ ಅಪಾಯ ಬರುವುದೂ ಇದರಿಂದಲೇ. ಕೇರೆ ಹಾವು ಹೆಜ್ಜೆಯ ಸಪ್ಪಳಕ್ಕೆ ಸರಿದು ಹೋಗುತ್ತದೆ, ಮಂಡಲ ಕದಲುವುದಿಲ್ಲ. ವೇದಾಂತಿಗಳು ಹಗ್ಗವನ್ನು ಹಾವೆಂದು ಭ್ರಮಿಸಿದವನ ಕತೆ ಹೇಳುತ್ತಾರೆ. ನಮ್ಮ ತೋಟದವರ ಕಷ್ಟ ಅದರ ತಿರುಗುಮುರುಗು: ಹಾವನ್ನು ಹುಲ್ಲಿನ ಹಗ್ಗವೆಂದುಕೊಂಡು ಮೆಟ್ಟುತ್ತಾರೆ.

ಹೆಚ್ಚಿನ ಮಂಡಲಗಳು ಮೊಟ್ಟೆಯಿಡುವುದಿಲ್ಲ, ಮರಿ ಹಾಕುತ್ತವೆ. ಕೊಳಕುಮಂಡಲ ಒಂದು ಸೂಲಿಗೆ ಇಪ್ಪತ್ತು ಮೂವತ್ತು ಮರಿ ಹಾಕುವುದು ಸಾಮಾನ್ಯ. ಹುಟ್ಟಿದ ಗಳಿಗೆಯಿಂದಲೇ ಮರಿಗಳಿಗೆ ಹಲ್ಲೂ ಉಂಟು, ವಿಷವೂ ಉಂಟು. 'ಮರಿಯಲ್ಲವೇ' ಎಂದು ಅಸಡ್ಡೆ ಮಾಡುವಂತಿಲ್ಲ.

ಇಂದಿನ ಲೆಕ್ಕದಂತೆ ಈ ಬಳಗದಲ್ಲಿ ಮುನ್ನೂರೈವತ್ತಕ್ಕೂ ಹೆಚ್ಚು ಜಾತಿಗಳಿವೆ. ಅವನ್ನು ಮೂರು ಮನೆತನಗಳಾಗಿ ವಿಂಗಡಿಸುತ್ತಾರೆ. ಮೊದಲನೆಯದು ಬರಿಯ ಮಂಡಲಗಳದು. ಇವು ಆಫ್ರಿಕ, ಯೂರೋಪು, ಏಷ್ಯಗಳಲ್ಲಿವೆ. ಎರಡನೆಯದು ಮುಖದಲ್ಲಿ ಗುಳಿಯಿರುವ ಗುಳಿಮಂಡಲಗಳದು. ಇವು ಏಷ್ಯದಲ್ಲಿಯೂ ಅಮೇರಿಕ ಖಂಡಗಳಲ್ಲಿಯೂ ಇವೆ. ಮೂರನೆಯದು ತೀರ ಸಣ್ಣ ಮನೆತನ, ಬರಿಯ ಎರಡು ಜಾತಿ. ಬರ್ಮ, ದಕ್ಷಿಣ ಚೀನ, ವಿಯೆಟ್ನಾಮಿನ ಬೆಟ್ಟಗಳಲ್ಲಿ ಅಡಗಿಕೊಂಡಿವೆ. ಆಸ್ಟ್ರೇಲಿಯದಲ್ಲಿ ವಿಷದ ಹಾವುಗಳಿಗೆ ಕೊರತೆಯಿಲ್ಲ, ಆದರೆ ಮಂಡಲ ಒಂದೂ ಇಲ್ಲ. ಮಡಗಾಸ್ಕರಿನಲ್ಲಿಯೂ ಇಲ್ಲ.

ಗಾತ್ರದಲ್ಲಿ ಸಣ್ಣದು

ನಮ್ಮ ದೇಶದ ಬರಿಯ ಮಂಡಲಗಳಲ್ಲಿ ಮುಖ್ಯವಾದವು ಎರಡು. ಕೊಳಕುಮಂಡಲದ ಮೈಮೇಲೆ ಮೂರು ಸಾಲಿನಲ್ಲಿ ಸರಪಣಿಯಂತೆ ಕಂದು ಬಿಲ್ಲೆಗಳಿರುತ್ತವೆ. ಕೆಣಕಿದರೆ ಅದು ಬುಸುಗುಟ್ಟುವ ರಭಸಕ್ಕೆ ಪ್ರೆಶರ್ ಕುಕ್ಕರಿನ ಹಬೆಯೇ ಹೋಲಿಕೆ.

ಇನ್ನೊಂದು ಗರಗಸಮಂಡಲ, ಮರಾಠಿಯಲ್ಲಿ ಫುರ್ಸೆ. ಸಾಮಾನ್ಯವಾಗಿ ಎರಡು ಅಡಿಯನ್ನೂ ಮುಟ್ಟದ ಮೈ, ಆದರೆ ಸಿಟ್ಟು ಮೂಗಿನ ತುದಿಯಲ್ಲಿ. ಅದರ ಪಕ್ಕೆಯ ಹುರುಪೆಗಳು ಗರಗಸದ ಹಲ್ಲಿನಂತಿವೆ. ಹೆದರಿದಾಗ ಎಂಟರ ಅಂಕಿಯಂತೆ ಸುರುಳಿ ಸುತ್ತಿ ಪಕ್ಕೆಗೆ ಪಕ್ಕೆ ಉಜ್ಜುತ್ತದೆ. ಆಗ ಬರುವ ಸದ್ದು ಕಾದ ಎಣ್ಣೆಗೆ ಸಾಸಿವೆ ಬಿದ್ದಂತೆ. ಒಣಭೂಮಿ, ಕಲ್ಲುಹಾಸು ಇದರ ನೆಲೆ. ಹತ್ತೊಂಬತ್ತನೆಯ ಶತಮಾನದಲ್ಲಿ ರತ್ನಾಗಿರಿ ಜಿಲ್ಲೆಯಲ್ಲಿ ಇದರ ಕಾಟ ಎಷ್ಟಿತ್ತೆಂದರೆ ಕೊಂದು ತಂದವರಿಗೆ ಸರಕಾರ ಬಹುಮಾನ ಕೊಡುತ್ತಿತ್ತು. ಹಾಗಿದ್ದೂ ಫುರ್ಸೆ ಕೊಂಕಣದಿಂದ ಹೋಗಲಿಲ್ಲ.

ಆಫ್ರಿಕದ ದಾಯಾದಿಗಳು

ಈ ಮನೆತನದ ಭಾರೀ ಆಸಾಮಿಗಳಿರುವುದು ಆಫ್ರಿಕದಲ್ಲಿ. ಅಲ್ಲಿಯ ಮಳೆಕಾಡಿನ ಗಬೂನ್ ಮಂಡಲ ಎಂಟು ಕಿಲೋವರೆಗೂ ತೂಗುತ್ತದೆ. ಅದರ ಹಲ್ಲು ಐದು ಸೆಂಟಿಮೀಟರಿನವರೆಗೆ ಬೆಳೆಯುತ್ತದೆ. ಲೋಕದ ಯಾವ ಹಾವಿಗೂ ಇಷ್ಟುದ್ದದ ಹಲ್ಲಿಲ್ಲ. ಮೈಮೇಲಿನ ಕಂದು, ನೇರಿಳೆ, ಬಿಳಿ ಚಿತ್ತಾರವನ್ನು ಬಿಡಿಯಾಗಿ ನೋಡಿದರೆ ಇಳಕಲ್ ಸೀರೆಯ ಸೆರಗಿನಷ್ಟು ಎದ್ದುಕಾಣುತ್ತದೆ. ತರಗೆಲೆಯ ಮೇಲೆ ಮಲಗಿತೆಂದರೆ ಎರಡು ಮಾರು ದೂರದಿಂದಲೂ ಗೊತ್ತಾಗದು. ಇಷ್ಟು ಆಯುಧವಿದ್ದೂ ಸ್ವಭಾವದಲ್ಲಿ ಬಹಳ ಶಾಂತ.

ಹುಲ್ಲುಗಾವಲಿನ ಇನ್ನೊಂದು ಜಾತಿ ಮೈಯುಬ್ಬಿಸಿ ಬುಸುಗುಡುವ ಉಬ್ಬುಮಂಡಲ. ಯೂರೋಪಿನ ಒಂದು ಮೃಗಾಲಯದಲ್ಲಿ ಈ ಜಾತಿಯ ಒಂದು ತಾಯಿ ಒಂದೇ ಸೂಲಿಗೆ 156 ಮರಿ ಹಾಕಿದ ದಾಖಲೆಯಿದೆ. ಕಣ್ಣಿಗೆ ಕಾಣದಂತೆ ಅಡಗುವುದಷ್ಟೇ ಅಲ್ಲ, ಮೂಗಿಗೂ ಸಿಗದಂತೆ ಅಡಗುವ ವಿದ್ಯೆ ಇದಕ್ಕೆ ಗೊತ್ತು. ವಾಸನೆ ಹಿಡಿಯಲು ಪಳಗಿಸಿದ ನಾಯಿಗಳಿಗೂ ಅಲುಗಾಡದೆ ಮಲಗಿದ ಉಬ್ಬುಮಂಡಲದ ಗಾಳಿ ಹತ್ತುವುದಿಲ್ಲವೆಂದು 2015ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು.

ನೈರುತ್ಯ ಆಫ್ರಿಕದ ನಮೀಬ್ ಮರುಭೂಮಿಯಲ್ಲಿ ಗೇಣುದ್ದದ ಒಂದು ಪುಟ್ಟ ಮಂಡಲವಿದೆ. ಅದರ ಕಣ್ಣು ನೆತ್ತಿಯ ಮೇಲಿದೆ. ಮೈಯನ್ನೆಲ್ಲ ಮರಳಲ್ಲಿ ಹುಗಿದು ಕಣ್ಣು ಮಾತ್ರ ಹೊರಗಿಟ್ಟು ಹಲ್ಲಿಗಳಿಗಾಗಿ ಕಾಯುತ್ತದೆ. ಸುಡುವ ಮರಳಿನ ಮೇಲೆ ಅಡ್ಡಡ್ಡವಾಗಿ, ಮೈಯನ್ನು ಎತ್ತಿ ಎತ್ತಿ ಇಡುತ್ತ ಸರಿಯುತ್ತದೆ. ಮಳೆಯೇ ಇಲ್ಲದ ಆ ಸೀಮೆಯಲ್ಲಿ ನೀರು ಎಲ್ಲಿಯದು? ಸಮುದ್ರದ ಕಡೆಯಿಂದ ಮಂಜು ಬಂದಾಗ ಮೈಮೇಲೆ ಹನಿಗಟ್ಟಿದ್ದನ್ನು ತಾನೇ ನೆಕ್ಕಿ ಕುಡಿಯುತ್ತದೆ. ಇದೇ ಅಡ್ಡನಡಿಗೆಯನ್ನು ಸಾವಿರಾರು ಮೈಲಿ ದೂರದ ಅಮೇರಿಕದ ಮರಳುಗಾಡಿನ ಇನ್ನೊಂದು ಹಾವೂ ತಾನಾಗಿಯೇ ಕಲಿತಿದೆ.

ಉತ್ತರ ಆಫ್ರಿಕದಲ್ಲಿ ಕಣ್ಣಿನ ಮೇಲೆ ಕೊಂಬಿರುವ ಮಂಡಲವುಂಟು. ಪ್ರಾಚೀನ ಈಜಿಪ್ಟಿನವರ ಚಿತ್ರಲಿಪಿಯಲ್ಲಿ ಈ ಹಾವಿನ ಚಿತ್ರ ಬರೆದರೆ ಅದು ಇಂಗ್ಲಿಷಿನ 'ಎಫ್' ಅಕ್ಷರದ ಉಚ್ಚಾರ. ಹಾವು ಅಕ್ಷರಮಾಲೆಗೆ ಸೇರಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಪಶ್ಚಿಮ ಇರಾನಿನ ಮಂಡಲವೊಂದರ ಬಾಲದ ತುದಿ ಥೇಟ್ ಜೇಡರ ಹುಳುವಿನಂತಿದೆ. 1968ರಲ್ಲಿ ಮೊದಲ ಮಾದರಿ ಸಿಕ್ಕಾಗ ಅದು ಬಾಲಕ್ಕೆ ಬಂದ ಗಂಟಿರಬಹುದೇ ಎಂದು ಸಂಶಯವಿತ್ತು. ಅದೊಂದು ಬೇರೆಯೇ ಜಾತಿಯೆಂದು ಲೋಕಕ್ಕೆ ಸಾರಿದ್ದು 2006ರಲ್ಲಿ. ಹಾವು ಬಂಡೆಯಂತೆ ಬಿದ್ದುಕೊಂಡು ಬಾಲದ ಜೇಡವನ್ನು ಮಾತ್ರ ಕುಣಿಸುತ್ತದೆ. ತಿನ್ನಲು ಬಂದ ಹಕ್ಕಿ ತಾನೇ ತುತ್ತಾಗುತ್ತದೆ.

ಇನ್ನು ಯೂರೋಪಿನ ಸಾಮಾನ್ಯ ಮಂಡಲ. ಇಂಗ್ಲೆಂಡಿನಿಂದ ರಷ್ಯದ ಮೂಡಣ ತುದಿಯ ಸಖಾಲಿನ್ ದ್ವೀಪದವರೆಗೆ ಇದರ ಸಂಸಾರ ಹಬ್ಬಿದೆ. ಸ್ಕಾಂಡಿನೇವಿಯದಲ್ಲಿ ಧ್ರುವವೃತ್ತವನ್ನೂ ದಾಟಿದೆ. ಚಳಿಗಾಲವೆಲ್ಲ ನೆಲದೊಳಗೆ ನಿದ್ದೆ. ಬೇಸಗೆ ಗಿಡ್ಡವಾದ್ದರಿಂದ ಹೆಣ್ಣು ಪ್ರತಿವರ್ಷ ಬಸಿರಾಗುವುದಿಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಮಾತ್ರ.

ಕಾವನ್ನು ಕಾಣುವ ಗುಳಿ

ಈಗ ಎರಡನೆಯ ಮನೆತನಕ್ಕೆ ಬರೋಣ. ಗುಳಿಮಂಡಲದ ಮುಖವನ್ನು ನೋಡಿದರೆ ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ ಒಂದೊಂದು ಗುಳಿ ಕಾಣುತ್ತದೆ. ಇದು ಕಿವಿಯೋ ಇನ್ನೊಂದು ಮೂಗೋ ಎಂದು ಪಂಡಿತರು ಬಹುಕಾಲ ಚರ್ಚಿಸಿದರು. ಅದು ಕಾವನ್ನು ತಿಳಿಯುವ ಇಂದ್ರಿಯವೆಂದು ಅಮೇರಿಕದ ನೋಬಲ್ ಮತ್ತು ಶ್ಮಿಟ್ ಎಂಬ ವಿಜ್ಞಾನಿಗಳು 1937ರಲ್ಲಿ ಸ್ಪಷ್ಟಪಡಿಸಿದರು. ಕಣ್ಣು ಕಟ್ಟಿದ ಹಾವೂ ಬಿಸಿಯಾದ ದೀಪದ ಬುರುಡೆಯತ್ತ ಗುರಿ ತಪ್ಪದೆ ಎರಗಿತು.

ಆ ಗುಳಿಯೊಳಗೆ ಕೂದಲಿಗಿಂತ ತೆಳುವಾದ ಒಂದು ಪೊರೆ ಬಿಗಿದಿರುತ್ತದೆ. ಅದರ ತುಂಬ ನರಗಳು. ಒಂದು ಡಿಗ್ರಿಯ ಅತ್ಯಲ್ಪ ಅಂಶದಷ್ಟು ಕಾವಿನ ವ್ಯತ್ಯಾಸವೂ ಅದಕ್ಕೆ ತಿಳಿಯುತ್ತದೆ. ಅಮಾವಾಸ್ಯೆಯ ಕತ್ತಲಲ್ಲಿ ತಣ್ಣನೆಯ ನೆಲದ ಮೇಲೆ ಓಡುವ ಬಿಸಿರಕ್ತದ ಇಲಿ ಅದಕ್ಕೆ ದೀಪ ಹಚ್ಚಿಟ್ಟಂತೆ ಕಾಣುತ್ತದೆ. ಈ ಕೆಲಸ ಮಾಡುವ ಅಣು ಯಾವುದೆಂದು 2010ರಲ್ಲಿ ಡೇವಿಡ್ ಜೂಲಿಯಸ್ ಅವರ ಪ್ರಯೋಗಶಾಲೆ ಕಂಡುಹಿಡಿಯಿತು. ಸ್ವಾರಸ್ಯವೆಂದರೆ ಅದೇ ಬಗೆಯ ಅಣು ನಮ್ಮ ನಿಮ್ಮ ಮೈಯಲ್ಲಿಯೂ ಇದೆ. ಸಾಸಿವೆಯ ಘಾಟು ಮೂಗಿಗೆ ಏರಿ ಕಣ್ಣಲ್ಲಿ ನೀರು ತರಿಸುವುದು ಅದರ ಮೂಲಕವೇ. ನಮಗೆ ಒಗ್ಗರಣೆಯ ಘಾಟನ್ನು ತಿಳಿಸುವ ಸಾಧನವೇ ಹಾವಿಗೆ ಇಲಿಯ ಕಾವನ್ನು ತಿಳಿಸುತ್ತದೆ. ಕಾವು ಮತ್ತು ಸ್ಪರ್ಶದ ಅರಿವನ್ನು ಕುರಿತ ಸಂಶೋಧನೆಗಾಗಿ ಜೂಲಿಯಸ್ ಅವರು 2021ರ ನೊಬೆಲ್ ಬಹುಮಾನದಲ್ಲಿ ಪಾಲು ಪಡೆದರು.

ಹಾವಿಗೆ ಇಷ್ಟು ಜಾಣತನವಿದ್ದರೆ ಬೇಟೆಯೂ ಸುಮ್ಮನಿರುವುದಿಲ್ಲ. ಕ್ಯಾಲಿಫೋರ್ನಿಯದ ನೆಲದ ಅಳಿಲು ಗಿಲಿಕೆ ಹಾವಿನ ಎದುರು ಬಾಲಕ್ಕೆ ರಕ್ತ ಹರಿಸಿ ಅದನ್ನು ಬಿಸಿ ಮಾಡಿ ಬೀಸುತ್ತದೆ. ಹಾವಿನ ಗುಳಿಗೆ ಅಳಿಲು ದೊಡ್ಡದಾಗಿ ಕಾಣುತ್ತದೆ. ಗುಳಿಯಿಲ್ಲದ ಹಾವು ಎದುರಾದರೆ ಬಾಲ ಬೀಸುತ್ತದೆ, ಆದರೆ ಬಿಸಿ ಮಾಡುವುದಿಲ್ಲ! ಇದು 2007ರಲ್ಲಿ ತಿಳಿದುಬಂದ ಸಂಗತಿ.

ಘಟ್ಟದಿಂದ ಓಕಿನಾವಾವರೆಗೆ

ಗುಳಿಮಂಡಲ ನೋಡಲು ನಾವು ಅಮೇರಿಕಕ್ಕೆ ಹೋಗಬೇಕಾಗಿಲ್ಲ. ಮುಂಬಯಿಯ ಬೊರಿವಲಿ ಕಾಡಿನಲ್ಲಿ ಹಸಿರು ಬಣ್ಣದ ಬಿದಿರುಮಂಡಲವಿದೆ. ನಮ್ಮ ಸಹ್ಯಾದ್ರಿಯಲ್ಲಿ ಮಳೆ ಹಿಡಿಯಿತೆಂದರೆ ಆಗುಂಬೆ, ಕ್ಯಾಸಲ್‌ರಾಕ್, ಅಂಬೋಲಿಗಳಲ್ಲಿ ಮಲಬಾರ್ ಗುಳಿಮಂಡಲ ಗಿಡಗಳ ಮೇಲೆ ಕಾಣಿಸಿಕೊಳ್ಳುತ್ತದೆ. ಒಂದೇ ಜಾತಿ, ಆದರೆ ಒಂದು ಹಸಿರು, ಒಂದು ಹಳದಿ, ಒಂದು ಕಂದು, ಇನ್ನೊಂದು ಕೇಸರಿ. ಪಶ್ಚಿಮಘಟ್ಟ ಬಿಟ್ಟರೆ ಲೋಕದಲ್ಲಿ ಬೇರೆಲ್ಲಿಯೂ ಇದಿಲ್ಲ.

ಅದೇ ಕಾಡಿನ ತರಗೆಲೆಯಲ್ಲಿ ಮೂಗು ಮೇಲಕ್ಕೆ ತಿರುಗಿದ ಒಂದು ಸಣ್ಣ ಗುಳಿಮಂಡಲವಿದೆ. ಕಾಫಿ, ಅಡಿಕೆ ತೋಟದವರಿಗೆ ಇದರ ಪರಿಚಯವುಂಟು. 'ಇದರಿಂದ ಊತ ಬರುತ್ತದೆ, ಜೀವ ಹೋಗುವುದಿಲ್ಲ' ಎಂದು ಬಹಳ ಕಾಲ ನಂಬಿದ್ದರು. ಇದರ ಕಡಿತದಿಂದ ಮೂತ್ರಪಿಂಡವೇ ಕೆಟ್ಟು ಜೀವಾಪಾಯವಾದ ಪ್ರಕರಣಗಳನ್ನು ಕೇರಳದ ವೈದ್ಯರು 2007ರಲ್ಲಿ ಪ್ರಕಟಿಸಿದರು. ನಮ್ಮ ದೇಶದ ಪ್ರತಿವಿಷದ ಮದ್ದು ಇದಕ್ಕೆ ನಾಟುವುದಿಲ್ಲ.

ಉತ್ತರಕ್ಕೆ ಹೋದರೆ ಹಿಮಾಲಯದ ಗುಳಿಮಂಡಲ. ಸುಮಾರು 4,900 ಮೀಟರ್ ಎತ್ತರದ ಹಿಮನದಿಯ ಬಳಿಯಲ್ಲಿಯೂ ಇದು ಸಿಕ್ಕಿದೆ. ಬಳಗ ಇನ್ನೂ ಬೆಳೆಯುತ್ತಲೇ ಇದೆ: 2019 ಮತ್ತು 2020ರಲ್ಲಿ ಅರುಣಾಚಲ ಪ್ರದೇಶದಿಂದಲೇ ಎರಡು ಹೊಸ ಗುಳಿಮಂಡಲಗಳಿಗೆ ನಾಮಕರಣವಾಯಿತು.

ಮಲೇಶಿಯದ ಪೆನಾಂಗಿನಲ್ಲಿ ಚೀನೀಯರ ಒಂದು ದೇವಸ್ಥಾನವಿದೆ. ಅಲ್ಲಿ ಹಸಿರು ಹಳದಿಯ ಗುಳಿಮಂಡಲಗಳು ಪೀಠದ ಮೇಲೆ, ಗಿಡದ ಕೊಂಬೆಯ ಮೇಲೆ ಹಾಯಾಗಿ ಮಲಗಿರುತ್ತವೆ. ಭಕ್ತರು ಅವುಗಳ ನಡುವೆಯೇ ಊದುಬತ್ತಿ ಹಚ್ಚುತ್ತಾರೆ. ನಾಗರಪಂಚಮಿಗೆ ಹುತ್ತಕ್ಕೆ ಹಾಲೆರೆಯುವ ನಮಗೆ ಇದು ತೀರ ಅಪರಿಚಿತವೆನಿಸದು.

ಜಪಾನಿನ ಓಕಿನಾವಾದಲ್ಲಿ ಹಾಬು ಎಂಬ ಗುಳಿಮಂಡಲದ ಕಾಟ. 1910ರಲ್ಲಿ ವತಾಸೆ ಎಂಬ ಪ್ರಾಣಿಶಾಸ್ತ್ರಜ್ಞರು ನಮ್ಮ ಗಂಗಾಬಯಲಿನ ಕಡೆಯಿಂದ ಮುಂಗುಸಿಗಳನ್ನು ತರಿಸಿ ಅಲ್ಲಿ ಬಿಟ್ಟರು. ಹಾವು ಮುಂಗುಸಿಯ ಹಗೆತನ ಲೋಕಪ್ರಸಿದ್ಧವಷ್ಟೆ! ಆದರೆ ಮುಂಗುಸಿ ಹಗಲು ತಿರುಗುವ ಪ್ರಾಣಿ, ಹಾಬು ರಾತ್ರಿ ತಿರುಗುವ ಹಾವು. ಒಂದು ಎದ್ದಾಗ ಇನ್ನೊಂದು ಮಲಗಿರುತ್ತಿತ್ತು. ಮುಂಗುಸಿ ಹಾವನ್ನು ಬಿಟ್ಟು ಅಲ್ಲಿಯ ಅಪರೂಪದ ಹಕ್ಕಿಗಳನ್ನು ತಿನ್ನತೊಡಗಿತು. ಪಕ್ಕದ ಅಮಾಮಿ ದ್ವೀಪದಲ್ಲಿ 1979ರಲ್ಲಿ ಅದೇ ತಪ್ಪು ಮಾಡಿ, ಅಲ್ಲಿಯ ಮುಂಗುಸಿಗಳನ್ನು ಪೂರ್ತಿ ನಿವಾರಿಸಿದೆವೆಂದು ಸರಕಾರ ಸಾರಬೇಕಾದರೆ 2024 ಬಂತು.

ಹೊಸ ಲೋಕದ ಹಾವುಗಳು

ಅಮೇರಿಕದಲ್ಲಿ ಹೆಸರಾದವು ಗಿಲಿಕೆ ಹಾವುಗಳು. ಇವುಗಳಲ್ಲಿ ಮೂವತ್ತೈದಕ್ಕೂ ಹೆಚ್ಚು ಜಾತಿಗಳಿವೆ, ಕೆನಡದಿಂದ ಅರ್ಜೆಂಟೈನದವರೆಗೆ. ಬಾಲದ ಗಿಲಿಕೆ ನಮ್ಮ ಉಗುರಿನಂಥ ವಸ್ತುವಿನ ಟೊಳ್ಳು ಬಿಲ್ಲೆಗಳ ಸರ. ಪ್ರತಿ ಸಲ ಪೊರೆ ಬಿಟ್ಟಾಗ ಒಂದು ಬಿಲ್ಲೆ ಸೇರುತ್ತದೆ, ತುದಿಯವು ಸವೆದು ಉದುರುತ್ತವೆ; ಆದ್ದರಿಂದ ಬಿಲ್ಲೆ ಎಣಿಸಿ ವಯಸ್ಸು ಹೇಳಲಾಗದು. ಸೆಕೆಂಡಿಗೆ ಐವತ್ತು ಸಲಕ್ಕೂ ಹೆಚ್ಚು ಅದು ಕಂಪಿಸಬಲ್ಲದು. 'ಮೆಟ್ಟಬೇಡ, ಇಲ್ಲಿ ನಾನಿದ್ದೇನೆ' ಎಂದು ಕೂಗಿ ಹೇಳುವ ಹಾವು ಅದು. ಮೆಕ್ಸಿಕೋದ ಸಾಂತಾ ಕಾತಲಿನಾ ದ್ವೀಪದಲ್ಲಿ ಮಾತ್ರ ಈ ಜಾತಿಯ ಒಂದು ಹಾವು ತನ್ನ ಗಿಲಿಕೆಯನ್ನೇ ಕಳೆದುಕೊಂಡಿದೆ. ಮೆಟ್ಟಿ ತುಳಿಯುವ ದೊಡ್ಡ ಪ್ರಾಣಿಗಳಿಲ್ಲದ ಕಡೆ ಅದರ ಅಗತ್ಯ ಬೀಳಲಿಲ್ಲವೆಂದು ಕೆಲವರ ಊಹೆ.

ದಕ್ಷಿಣ ಅಮೇರಿಕದ ಮಳೆಕಾಡಿನಲ್ಲಿ ಮೂರು ಮೀಟರಿಗೂ ಮೀರಿ ಬೆಳೆಯುವ ಗುಳಿಮಂಡಲವಿದೆ. ಇಡೀ ಬಳಗದಲ್ಲಿ ಇದೇ ಅತಿ ಉದ್ದ. ಅಲ್ಲಿಯ ಇತರ ಗುಳಿಮಂಡಲಗಳಂತಲ್ಲದೆ ಇದು ಮೊಟ್ಟೆಯಿಡುತ್ತದೆ.

ಬ್ರೆಜಿಲಿನ ಸಾವೊ ಪಾವ್ಲೊ ತೀರದಿಂದ ಸುಮಾರು 35 ಕಿಲೋಮೀಟರ್ ದೂರದಲ್ಲಿ ಕೇಮಾದ ಗ್ರಾಂದೆ ಎಂಬ ಸಣ್ಣ ದ್ವೀಪವಿದೆ. ಸುಮಾರು ಹನ್ನೊಂದು ಸಾವಿರ ವರ್ಷದ ಹಿಂದೆ ಸಮುದ್ರ ಏರಿ ಅದು ನಾಡಿನಿಂದ ಬೇರೆಯಾಯಿತು. ಅಲ್ಲಿ ಸಿಕ್ಕಿಕೊಂಡ ಗುಳಿಮಂಡಲಗಳಿಗೆ ತಿನ್ನಲು ಇಲಿಗಳಿರಲಿಲ್ಲ. ವಲಸೆ ಬರುವ ಹಕ್ಕಿಗಳೇ ಗತಿ. ಮೈಬಣ್ಣ ಹೊನ್ನಿನಂತಾಯಿತು, ನೆಲದ ಹಾವು ಮರ ಹತ್ತಲು ಕಲಿಯಿತು. 43 ಹೆಕ್ಟೇರಿನ ಆ ದ್ವೀಪದ ಹೊರಗೆ ಕಾಡಿನಲ್ಲಿ ಈ ಜಾತಿ ಇಲ್ಲ. ಅಪ್ಪಣೆಯಿಲ್ಲದೆ ಜನ ಅಲ್ಲಿ ಇಳಿಯುವಂತಿಲ್ಲ. ಹಾವಿನಿಂದ ಜನರನ್ನು ಕಾಯುವಷ್ಟೇ ಜನರಿಂದ ಹಾವನ್ನು ಕಾಯುವ ಗರಜೂ ಇದೆ; ಕಳ್ಳಸಾಗಾಣಿಕೆಯವರ ಕಣ್ಣು ಅದರ ಮೇಲಿದೆ.

ವಿಷದಿಂದ ಬಂದ ಗುಳಿಗೆ

ಬ್ರೆಜಿಲಿನ ಇನ್ನೊಂದು ಗುಳಿಮಂಡಲ ಜರರಾಕಾ. ಅದು ಕಚ್ಚಿದವರ ರಕ್ತದೊತ್ತಡ ಕುಸಿಯುತ್ತದೆ. ಏಕೆಂದು ಹುಡುಕಹೋದ ರೋಶ ಎ ಸಿಲ್ವ ಮತ್ತು ಸಂಗಡಿಗರಿಗೆ, ರಕ್ತನಾಳವನ್ನು ಹಿಗ್ಗಿಸುವ ಬ್ರಾಡಿಕೈನಿನ್ ಎಂಬ ವಸ್ತು ಸಿಕ್ಕಿತು. ಅದನ್ನು ಅವರು ಪ್ರಕಟಿಸಿದ್ದು 1949ರಲ್ಲಿ. ಅದರ ಪರಿಣಾಮವನ್ನು ಹೆಚ್ಚಿಸುವ ಅಂಶವೊಂದು ಅದೇ ವಿಷದಲ್ಲಿದೆಯೆಂದು ಸೆರ್ಜಿಯೋ ಫೆರೇರ 1965ರಲ್ಲಿ ತೋರಿಸಿದರು. ಅದರ ಜಾಡು ಹಿಡಿದು ಅಮೇರಿಕದ ಕುಶ್‌ಮನ್ ಮತ್ತು ಒಂಡೆಟ್ಟಿ ಕ್ಯಾಪ್ಟೊಪ್ರಿಲ್ ಎಂಬ ಮದ್ದನ್ನು ರೂಪಿಸಿದರು. 1981ರಲ್ಲಿ ಅದಕ್ಕೆ ಅಲ್ಲಿ ಒಪ್ಪಿಗೆ ಸಿಕ್ಕಿತು. ಎನಾಲಪ್ರಿಲ್, ರಾಮಿಪ್ರಿಲ್ ಅದರ ತಮ್ಮಂದಿರು. ನಮ್ಮ ಸಂಘದ ಹಿರಿಯರಲ್ಲಿ ಎಷ್ಟು ಜನ ಬೆಳಗ್ಗೆ ಎದ್ದು ಬಿ.ಪಿ. ಗುಳಿಗೆ ನುಂಗುತ್ತಾರೋ! ಅವರಲ್ಲಿ ಕೆಲವರಾದರೂ ಒಂದು ಹಾವಿಗೆ ಋಣಿಗಳು.

ನಮ್ಮ ಕೊಳಕುಮಂಡಲವೂ ಹಿಂದೆ ಬಿದ್ದಿಲ್ಲ. ರಕ್ತ ಹೆಪ್ಪುಗಟ್ಟದ ರೋಗಿಗಳಲ್ಲಿ ಅದರ ವಿಷದ ತೆಳು ದ್ರಾವಣವನ್ನು ಗಾಯಕ್ಕೆ ಹಚ್ಚಿ ರಕ್ತ ನಿಲ್ಲಿಸಬಹುದೆಂದು 1934ರಲ್ಲಿ ಮ್ಯಾಕ್‌ಫರ್ಲೇನ್ ಮತ್ತು ಬಾರ್ನೆಟ್ ಲಂಡನ್ನಿನಲ್ಲಿ ತೋರಿಸಿದರು. ಇಂದಿಗೂ ರಕ್ತ ಅತಿಯಾಗಿ ಹೆಪ್ಪುಗಟ್ಟುವ ಒಂದು ಬಗೆಯ ದೋಷವನ್ನು ಪತ್ತೆ ಮಾಡುವ ಪರೀಕ್ಷೆಯಲ್ಲಿ ಈ ವಿಷವನ್ನೇ ಬಳಸುತ್ತಾರೆ.

ಕಚ್ಚಿದರೆ ಏನು ಮಾಡಬೇಕು

ಆದರೆ ತೋಟದಲ್ಲಿ ಬಿದ್ದವನಿಗೆ ಈ ಉಪಕಾರದ ಕತೆಯಿಂದ ಏನೂ ಆಗದು. 2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ಹಾವಿನ ಕಡಿತದಿಂದ ಸತ್ತವರು ಸುಮಾರು ಹನ್ನೆರಡು ಲಕ್ಷ, ಅಂದರೆ ವರ್ಷಕ್ಕೆ ಸರಾಸರಿ 58,000 ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿತು. ಬಹುಪಾಲು ಹಳ್ಳಿಯವರು, ಹೆಚ್ಚಾಗಿ ಮಳೆಗಾಲದಲ್ಲಿ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರ ಹಾವಿನ ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಸಾರಿತು. ಮದ್ದು ಎಲ್ಲಿ ಎಷ್ಟು ಬೇಕೆಂದು ತಿಳಿಯಲು ಇದು ನೆರವಾಗುತ್ತದೆ.

ಮಂಡಲದ ವಿಷ ಮುಖ್ಯವಾಗಿ ರಕ್ತಕ್ಕೆ ಎರಗುತ್ತದೆ. ಹೆಪ್ಪುಗಟ್ಟುವ ಶಕ್ತಿಯೇ ಕರಗಿಹೋಗಿ ವಸಡು, ಮೂಗು, ಮೂತ್ರದಲ್ಲಿ ರಕ್ತ ಕಾಣಿಸುತ್ತದೆ, ಮೂತ್ರಪಿಂಡ ಕೆಡುತ್ತದೆ. ಹೀಗಿರುವಾಗ ಬ್ಲೇಡಿನಿಂದ ಗೀರಿದರೆ ರಕ್ತ ನಿಲ್ಲುವುದೇ ಇಲ್ಲ. ಹಗ್ಗ ಬಿಗಿದರೆ ಮಾಂಸ ಕೊಳೆಸುವ ವಿಷವೆಲ್ಲ ಅಲ್ಲಿಯೇ ನಿಂತು, ರಕ್ತಸಂಚಾರವೂ ನಿಂತು, ಕಾಲೇ ಹೋಗಬಹುದು. ನಾನು ಅಣ್ಣನಿಗೆ ಕೊಟ್ಟ ಸಲಹೆಯ ಬೆಲೆ ಇಷ್ಟು.

ಸರಿಯಾದದ್ದು ಇದು. ಕಚ್ಚಿಸಿಕೊಂಡವರಿಗೆ ಧೈರ್ಯ ಹೇಳಿ ಮಲಗಿಸಬೇಕು. ಊತ ಬರುವ ಮೊದಲೇ ಬಳೆ, ಉಂಗುರ, ಕಾಲುಂಗುರ, ಗಡಿಯಾರ ತೆಗೆಯಬೇಕು. ಮುರಿದ ಎಲುಬಿಗೆ ದಬ್ಬೆ ಕಟ್ಟುವಂತೆ ಕೈಕಾಲು ಅಲುಗದಂತೆ ಸಡಿಲವಾಗಿ ಕಟ್ಟಬೇಕು. ನಡೆಸಬಾರದು. ಗೀರುವುದು, ಚೀಪುವುದು, ಸುಡುವುದು, ಮದ್ದರೆದು ಹಚ್ಚುವುದು ಯಾವುದೂ ಬೇಡ. ಹಾವನ್ನು ಹುಡುಕಿ ಕೊಲ್ಲುತ್ತ ಹೊತ್ತು ಕಳೆಯಬಾರದು. 108ಕ್ಕೆ ಫೋನು ಮಾಡಿ, ಇಲ್ಲವೇ ಸಿಕ್ಕ ವಾಹನದಲ್ಲಿ ಪ್ರತಿವಿಷವಿರುವ ಆಸ್ಪತ್ರೆಗೆ ಸಾಗಿಸಬೇಕು. ಅಲ್ಲಿ ವೈದ್ಯರು ಒಂದು ಸರಳ ಪರೀಕ್ಷೆ ಮಾಡುತ್ತಾರೆ: ಶುಭ್ರವಾದ ಗಾಜಿನ ನಳಿಕೆಯಲ್ಲಿ ಸ್ವಲ್ಪ ರಕ್ತ ಹಾಕಿ ಇಪ್ಪತ್ತು ನಿಮಿಷ ಅಲುಗಿಸದೆ ಇಡುತ್ತಾರೆ. ಹೆಪ್ಪುಗಟ್ಟದಿದ್ದರೆ ಮಂಡಲದ ವಿಷ ಏರಿದೆಯೆಂದು ತಿಳಿದು ಪ್ರತಿವಿಷ ಆರಂಭಿಸುತ್ತಾರೆ.

ಆ ಪ್ರತಿವಿಷದ ಹಿಂದೆ ಎಷ್ಟು ಜನರ ದುಡಿಮೆಯಿದೆ! ಚೆನ್ನೈಯ ಹತ್ತಿರ ಇರುಳರ ಹಾವು ಹಿಡಿಯುವವರ ಸಹಕಾರ ಸಂಘ 1978ರಿಂದ ನಡೆಯುತ್ತಿದೆ. ಅವರು ಹಾವು ಹಿಡಿದು, ವಿಷ ತೆಗೆದು, ಮತ್ತೆ ಕಾಡಿಗೆ ಬಿಡುತ್ತಾರೆ. ಆ ವಿಷವನ್ನು ಕುದುರೆಗಳಿಗೆ ಅಲ್ಪ ಪ್ರಮಾಣದಲ್ಲಿ ಏರಿಸುತ್ತ ಹೋಗಿ, ಅವುಗಳ ರಕ್ತದಲ್ಲಿ ಹುಟ್ಟಿದ ಪ್ರತಿವಿಷವನ್ನು ಬೇರ್ಪಡಿಸಿ ಮದ್ದು ಮಾಡುತ್ತಾರೆ. ಮುಂಬಯಿಯ ಪರೇಲದ ಹಾಫ್‌ಕಿನ್ ಸಂಸ್ಥೆಯ ಹೆಸರು ಈ ಕೆಲಸದ ಚರಿತ್ರೆಯಲ್ಲಿ ದೊಡ್ಡದು. ಒಂದು ಜಾತಿಯ ವಿಷಕ್ಕೆ ಮಾಡಿದ ಮದ್ದು ಇನ್ನೊಂದಕ್ಕೆ ನಾಟದೆಂದು ಬ್ರೆಜಿಲಿನ ವಿತಾಲ್ ಬ್ರಸಿಲ್ ನೂರು ವರ್ಷಕ್ಕೂ ಹಿಂದೆಯೇ ತೋರಿಸಿದ್ದರು. ನಮ್ಮ ಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ. ಒಂದೇ ಕೊಳಕುಮಂಡಲದ ವಿಷ ಊರಿಂದ ಊರಿಗೆ ಬೇರೆಯಾಗುವುದರಿಂದ, ಆಯಾ ಸೀಮೆಗೆ ಒಪ್ಪುವ ಮದ್ದಿಗಾಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಶೋಧನೆ ನಡೆದಿದೆ.

ನಮ್ಮ ತೋಟದ ಆಳಿನ ಕತೆ ಹೇಳಿ ಮುಗಿಸುತ್ತೇನೆ. ನಾನು ಹೇಳಿದಂತೆ ಹಗ್ಗ ಕಟ್ಟಲು ಅಣ್ಣ ಹೊರಟಾಗ ಅತ್ತಿಗೆ ತಡೆದರಂತೆ. ಆಶಾ ಕಾರ್ಯಕರ್ತೆ ಊರಿಗೆ ಬಂದಿದ್ದಾಗ ಹೇಳಿದ್ದು ಅವರ ನೆನಪಿನಲ್ಲಿತ್ತು. ಪಕ್ಕದ ಮನೆಯ ಜೀಪಿನಲ್ಲಿ ಒಂದೂವರೆ ಗಂಟೆಯೊಳಗೆ ಅವನನ್ನು ಆಸ್ಪತ್ರೆಗೆ ಮುಟ್ಟಿಸಿದರು. ನಳಿಕೆಯ ರಕ್ತ ಹೆಪ್ಪುಗಟ್ಟಲಿಲ್ಲ. ಹತ್ತು ಸೀಸೆ ಮದ್ದು, ಮೂರು ಸಲ ಡಯಾಲಿಸಿಸ್, ಹದಿನೆಂಟು ದಿನದ ವಾಸ. ಈಗ ಅವನು ಮತ್ತೆ ತೋಟದಲ್ಲಿದ್ದಾನೆ, ಗಂಬೂಟು ಹಾಕಿಕೊಂಡು, ಕೈಯಲ್ಲಿ ಟಾರ್ಚು ಹಿಡಿದು. ದೀಪಾವಳಿಗೆ ಹೋದಾಗ ನಾನೇ ಅವನ ಮನೆಗೆ ಹೋಗಿ ಮಾತಾಡಿಸಿ ಬಂದೆ. ನಾನು ಕೊಟ್ಟಿದ್ದ ಸಲಹೆ ಅವನಿಗೆ ಗೊತ್ತಿಲ್ಲ. ಇದನ್ನು ಓದಿದವರಿಗೆ ಈಗ ಗೊತ್ತಾಯಿತು.

'ಹಾವೂ ಸಾಯಬಾರದು, ಕೋಲೂ ಮುರಿಯಬಾರದು' ಎಂಬ ಗಾದೆಯನ್ನು ನಾವು ವ್ಯವಹಾರದ ಜಾಣತನಕ್ಕೆ ಬಳಸುತ್ತೇವೆ. ತೋಟ, ಗದ್ದೆಗಳಲ್ಲಿ ಅದು ಅಕ್ಷರಶಃ ನಿಜವಾಗಬೇಕಾದ ಮಾತು. ಕಣಜದ ಇಲಿಗಳನ್ನು ತಿನ್ನುವ ಹಾವು ಬೇಕು, ಅದರ ದಾರಿಯಲ್ಲಿ ನಡೆಯುವ ಮನುಷ್ಯನೂ ಉಳಿಯಬೇಕು. ಈ ಬೇಸಗೆಯ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಊರಿಗೆ ಹೊರಟವರು ಮಿಠಾಯಿಯ ಡಬ್ಬಿಯ ಜೊತೆಗೆ ಎರಡು ಒಳ್ಳೆಯ ಟಾರ್ಚು, ಒಂದು ಜೊತೆ ಗಂಬೂಟು ಒಯ್ಯಲಿ. ನಿಮ್ಮೂರಿಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಪ್ರತಿವಿಷವಿದೆಯೆಂದು ಕೇಳಿ ಬರೆದು, ಆ ಚೀಟಿಯನ್ನು ಅಡಿಗೆಮನೆಯ ಗೋಡೆಗೆ ಅಂಟಿಸಿ ಬನ್ನಿ.